ಫೋನು ಅಳಿಸಿದ ಹಚ್ಚೆ

ಯಲಹಂಕ ಹಳೇ ಊರು
12-1-2025

ಮಗಳು ರುಖ್ಸಾರಳಿಗೆ ಅಕ್ಕಯ್ಯಮ್ಮನ ಆಶೀರ್ವಾದಗಳು.

ಫೋನು ಮಾಡೋದು ಬಿಟ್ಟು ಕಾಗದ ಬರೀತಾಳಲ್ಲ ಈ ಮುದುಕಿ ಅಂತ ನಗಬೇಡ. ಬದುಕೆಲ್ಲ ಹಾರ್ಮೋನಿಯಮ್ಮಿನ ಎಡಕ್ಕೆ, ಸ್ಪೀಕರ್ ಡಬ್ಬದ ಬಲಕ್ಕೆ ನಿಂತ ಕಿವಿ ಇದು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳ್ಕೋತೀನಿ, ಫೋನಿನಲ್ಲಿ ಬರೀ ಗುಂಯ್ ಅನ್ನುತ್ತೆ. ಆದರೆ ಕೈಬರಹ ಇನ್ನೂ ದುಂಡಗಿದೆ. ನಾಟಕದ ಪಾರ್ಟು ಬರೆದು ಬರೆದೇ ಅಕ್ಷರ ಕಲಿತವಳು ನಾನು. ನೀನೂ ಕನ್ನಡ ಸ್ಕೂಲಲ್ಲೇ ಓದಿದ್ದು ಅಂತ ಹೇಳಿದ್ದೆ, ನೀನು ಕೊಟ್ಟ ಕಾರ್ಡಿನಲ್ಲಿ ಗಂಗಾನಗರದ ವಿಳಾಸ ಇತ್ತು. ಧೈರ್ಯವಾಗಿ ಪೆನ್ನು ಹಿಡಿದಿದೀನಿ.

ಈಗ ಪರದೆ ಎತ್ತುತೀನಿ, ನೋಡು.

ಸ್ಥಳ ಹೆಬ್ಬಾಳ. ಕಾಲ ಬೆಳಗ್ಗೆ. ಬಸ್ಸಿನ ಕಿಟಕಿ ಪಕ್ಕ ನಾನು, ತೊಡೆ ಮೇಲೆ ಅವರೆಕಾಯಿ ಚೀಲ. ಬಸ್ಸು ಮೇಲ್ಸೇತುವೆ ಹತ್ತೋ ಮುಂಚೆ ಸುಮ್ಮನೆ ಕತ್ತೆತ್ತಿದೆ. ಆಕಾಶದಲ್ಲಿ ನಾನಿದ್ದೆ. ಎರಡು ಅಂತಸ್ತಿನ ಮನೆಯಷ್ಟು ಎತ್ತರದ ನನ್ನ ಮುಖ. ಬಲಗಡೆ ರಾಣಿ, ಕೆಂಪು ತುಟಿ, ಕಿವಿವರೆಗೆ ಎಳೆದ ಕಾಡಿಗೆ. ಎಡಗಡೆ ಬಣ್ಣ ಒರೆಸಿದ ಅಕ್ಕಯ್ಯಮ್ಮ, ಒಂದೊಂದು ಸುಕ್ಕೂ ಉತ್ತ ಹೊಲದ ಸಾಲು. ಕೆಳಗೆ ಎಮ್ಮೆಗಾತ್ರದ ಅಕ್ಷರ: ಇದ್ದದ್ದು ಇದ್ದ ಹಾಗೆ. ಈ ಫೋನಿನಲ್ಲೇ ತೆಗೆದದ್ದು.

ಪಕ್ಕದಲ್ಲಿ ಕೂತ ಹೆಂಗಸಿಗೆ ತೋರಿಸಿದೆ. ಅವಳು ಬೋರ್ಡು ನೋಡಿದಳು, ನನ್ನ ನೋಡಿದಳು, ತಿರುಗಿ ಬೋರ್ಡು ನೋಡಿದಳು, ಕಂಡಕ್ಟರನ್ನ ಕೂಗಿದಳು. ಯಲಹಂಕ ಬರೋವರೆಗೂ ಆ ಬಸ್ಸಿಗೆ ನಾನೇ ರಾಣಿ.

ಒಂದು ಮಾತು ಹೇಳ್ತೀನಿ ಮಗಳೇ. ನನ್ನ ಹತ್ತಿರ ರಾಣಿ ವೇಷದ ಫೋಟೋ ಟ್ರಂಕಿನ ತುಂಬ ಇದೆ. ಬಣ್ಣ ಒರೆಸಿದ ಮೇಲೆ ಒಬ್ಬರೂ ಕ್ಯಾಮೆರಾ ಎತ್ತಿದವರಿಲ್ಲ. ನೀನು ಎತ್ತಿದೆ.

ಫೋಟೋ ತೆಗೆದ ದಿನ ನಿನ್ನ ಕೈಯಲ್ಲಿದ್ದ ದೊಡ್ಡ ಕ್ಯಾಮೆರಾ ನೋಡಿ ಮೊದಲು ಹೆದರಿದ್ದೆ, ಮೂತಿಯೇ ಗೇಣುದ್ದ. ಆ ಜಾಹೀರಾತು ಏಜೆನ್ಸಿಯವನು, ಅದು ಸುಮ್ನೆ ಅಮ್ಮ, ನೀವು ಸ್ಟ್ಯಾಂಡಿನ ಮೇಲಿರೋ ಫೋನ್ ನೋಡಿ ಅಂದ. ನನಗೆ ಆಗಲೇ ತಿಳೀತು. ನಮ್ಮ ರಂಗದ ಮೇಲೂ ಹಾಗೇ ತಾನೆ? ಗದೆ ಆಳೆತ್ತರ ಇರುತ್ತೆ, ಒಳಗೆ ಹತ್ತಿ. ಕಿರೀಟ ಥಳಥಳ ಅನ್ನುತ್ತೆ, ಒಳಗೆ ರಟ್ಟು. ಎಷ್ಟು ದೊಡ್ಡದೋ ಅಷ್ಟು ಟೊಳ್ಳು. ನಿಜವಾದದ್ದು ಅಂದರೆ ಸೆರಗು ಜಾರದ ಹಾಗೆ ಸಿಕ್ಕಿಸಿದ ಪಿನ್ನು ಒಂದೇ. ನಿನ್ನ ದೊಡ್ಡ ಕ್ಯಾಮೆರಾ ಗದೆ, ಆ ಪುಟ್ಟ ಫೋನು ಪಿನ್ನು. ಸರಿ ತಾನೆ?

ಬೀದಿಯಲ್ಲಿ ಕೇಳಿದವರಿಗೆಲ್ಲ ನನ್ನದು ಒಂದೇ ಡೈಲಾಗು. ಆ ಫೋನು ಸುಳ್ಳು ಹೇಳಲ್ಲ ಕಣ್ರೀ, ಹೇಳೋ ಹಾಗಿದ್ದಿದ್ರೆ ಮೊದಲು ನನ್ನ ಸುಕ್ಕು ಮುಚ್ತಿತ್ತು.

ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳು.

ಇಂತಿ, ಹೆಬ್ಬಾಳದ ಆಕಾಶದಲ್ಲಿ ನೇತಾಡುತ್ತಿರುವ
ಅಕ್ಕಯ್ಯಮ್ಮ


ಗಂಗಾನಗರ
24-1-2025

ಅಮ್ಮನವರಿಗೆ ರುಖ್ಸಾರ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ನಮ್ಮಮ್ಮ ತಾಹೆರಾಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರಿಗೆ ಕನ್ನಡ ಮಾತು ಬರುತ್ತೆ, ಓದು ಬರಲ್ಲ. ಅವರೆಕಾಯಿ ಚೀಲದ ಹತ್ತಿರ ಬಂದಾಗ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ಇಂಥವರು ಇದ್ದಾರಾ ಅಂತ ಕೇಳ್ತಾನೇ ಇದಾರೆ.

ಫೋಟೋ ಚೆನ್ನಾಗಿ ಬಂದಿದ್ದರೆ ಅದು ನಿಮ್ಮ ಮುಖದಿಂದ. ಆ ದಿನ ಕಿಟಕಿ ಬೆಳಕೂ ಚೆನ್ನಾಗಿತ್ತು. ಇದರ ಜೊತೆ ಒಂದು ದೊಡ್ಡ ಪ್ರಿಂಟ್ ಕಳಿಸಿದೀನಿ, ಬಿಸಿಲು ಬೀಳದ ಕಡೆ ಇಡಿ.

ಫೋನಿನ ವಿಷಯ ಜನ ಕೇಳಿದರೆ ಅಂಗಡಿಯಲ್ಲೇ ವಿಚಾರಿಸಿ ಅನ್ನಿ ಅಮ್ಮ. ನೀವು ಯಾಕೆ ಮಾತು ಕೊಡೋಕೆ ಹೋಗ್ತೀರಾ.

ಇನ್ನೂ ಏನೋ ಬರೀಬೇಕು ಅಂತಿದ್ದೆ. ಮದುವೆ ಆಲ್ಬಮ್ ಒಂದು ಮುಗಿಸಿ ಕೊಡೋದಿದೆ.

ನಿಮ್ಮ
ರುಖ್ಸಾರ್


ಯಲಹಂಕ
16-2-2025

ಮಗಳೇ ರುಖ್ಸಾರ್,

ನಿನ್ನ ಪ್ರಿಂಟು ನಡುಮನೆಯಲ್ಲಿ ವಿರಾಜಮಾನವಾಗಿದೆ. ಹಾಲಿನವನು ಕೂಡ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ ಹೋದ.

ನೀನು ಮಾತು ಕೊಡಬೇಡಿ ಅಂತ ಬರೆದಿದ್ದೆ. ತಡವಾಯ್ತು ಕಣಮ್ಮ, ಕೊಟ್ಟಾಗಿದೆ. ನಮ್ಮ ಬೀದಿಯಲ್ಲೇ ಐದಾರು ಮನೆಯವರು ಆ ಫೋನು ತಂದರು. ಮೊಬೈಲ್ ಅಂಗಡಿ ಕಾಶಿನಾಥ ನನ್ನ ಕಂಡರೆ ಎದ್ದು ನಿಲ್ತಾನೆ, ಕಂಪನಿಯವರಿಗಿಂತ ನೀವೇ ವಾಸಿ ಅಂತಾನೆ.

ಎಲ್ಲಕ್ಕಿಂತ ದೊಡ್ಡ ಸುದ್ದಿ ಈಗ ಪ್ರವೇಶ ಮಾಡ್ತಿದೆ. ಎದುರು ಮನೆ ಅಶ್ವತ್ಥ್ ಇದಾನಲ್ಲ, ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿದಾನೆ, ಅವನ ತಾಯಿ ಮುನಿವೆಂಕಟಮ್ಮ. ಹಣೆ ಮೇಲೆ ಬೊಟ್ಟಿನ ಜಾಗದಲ್ಲಿ ಹಸಿರು ಹಚ್ಚೆ, ಗದ್ದದ ಮೇಲೆ ಮೂರು ಚುಕ್ಕಿ. ಅಶ್ವತ್ಥನ ಮದುವೆಯಲ್ಲಿ ಫೋಟೋದವನು, ಅಮ್ಮ ಹಣೆ ಒರೆಸ್ಕೊಳ್ಳಿ ಮಸಿ ಇದೆ ಅಂದುಬಿಟ್ಟನಂತೆ, ಬೀಗರ ಮುಂದೆ. ಅವತ್ತು ಸೆರಗು ಎಳ್ಕೊಂಡವಳು. ಕ್ಯಾಮೆರಾ ಅಂದರೆ ಸೆರಗು ಮೂಗಿನವರೆಗೆ ಇಳಿಯುತ್ತೆ. ಆ ಮನೆಯಲ್ಲಿ ಅವಳ ಮುಖ ಕಾಣೋ ಫೋಟೋ ಒಂದೂ ಇಲ್ಲ.

ಅಂಥವಳನ್ನ ಮೊಮ್ಮಗಳು ಹೆಬ್ಬಾಳಕ್ಕೆ ಕರ್ಕೊಂಡು ಹೋಗಿ ನನ್ನ ಬೋರ್ಡು ತೋರಿಸಿದಳು. ಬಹಳ ಹೊತ್ತು ನಿಂತಿದ್ದಳಂತೆ. ಬಂದವಳೇ ಮಗನಿಗೆ ಹೇಳಿದಳು, "ಅಕ್ಕಯ್ಯನ ಸುಕ್ಕೇ ಇಂಗೆ ಕಾಣ್ತದೆ ಅಂದ್ರೆ ನನ್ ಅಚ್ಚೆ ಕಾಣ್ದೆ ಇರ್ತದಾ. ತಗಿ, ನಂದೂ ಒಂದು."

ಅಶ್ವತ್ಥ್ ಅವತ್ತೇ ಹೋಗಿ ಫೋನು ತಂದ. ಶಿವರಾತ್ರಿಗೆ ನೆಂಟರೆಲ್ಲ ಸೇರ್ತಾರೆ, ಆಗ ತೆಗೆದು ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತಾನೆ. ನಿನ್ನಿಂದಾದ ಪುಣ್ಯ ಇದು.

ಪ್ರಿಂಟಿನ ಜೊತೆ ಬಂದದ್ದು ಬಿಟ್ಟರೆ ನಿನ್ನಿಂದ ಯಾಕೋ ಕಾಗದ ಬಂದಿಲ್ಲ.

ಇಂತಿ
ಅಕ್ಕಯ್ಯಮ್ಮ


ಯಲಹಂಕ
16-3-2025

ಮಗಳೇ,

ಅಕ್ಷರ ಸೊಟ್ಟಗಾದರೆ ಹೊಂದಿಸ್ಕೊಂಡು ಓದು.

ಫೋಟೋ ತೆಗೆದರು. ನಾನೂ ಅಲ್ಲೇ ಇದ್ದೆ. ಮುನಿವೆಂಕಟಮ್ಮ ಹೊಸ ಸೀರೆ ಉಟ್ಟು, ಸೆರಗು ಹೆಗಲ ಮೇಲೆ ಬಿಟ್ಟು, ರಾಜಮಾತೆ ಸಿಂಹಾಸನದಲ್ಲಿ ಕೂತ ಹಾಗೆ ಕೂತಳು. ಅಶ್ವತ್ಥ್ ಫೋನು ಒತ್ತಿದ. ಆಮೇಲೆ ಕಾಶಿನಾಥನ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನೆಂಟರ ಮುಂದೆ ಸುತ್ತಿದ ಬಟ್ಟೆ ತೆಗೆದ.

ಹಣೆ ಮೇಲೆ ಹಚ್ಚೆ ಇಲ್ಲ. ಗದ್ದದ ಮೇಲೆ ಚುಕ್ಕಿ ಇಲ್ಲ. ಕೆನೆ ಕಟ್ಟಿದ ಹಾಲಿನ ಹಾಗೆ ನುಣ್ಣಗಿದೆ ಮುಖ, ಯಾರೋ ಸೀರೆ ಅಂಗಡಿ ಗೊಂಬೆಗೆ ನರೆಗೂದಲು ಅಂಟಿಸಿದ ಹಾಗೆ. ನೆಂಟರಲ್ಲಿ ಒಬ್ಬಳು, ಎಷ್ಟು ಚೆನ್ನಾಗಿ ಬಂದಿದೆ ಅಂದುಬಿಟ್ಟಳು. ಮುನಿವೆಂಕಟಮ್ಮ ಹತ್ತಿರ ಬಂದು ನೋಡಿದಳು. ತನ್ನ ಹಣೆ ಮುಟ್ಟಿಕೊಂಡಳು, ಫೋಟೋದ ಹಣೆ ಮುಟ್ಟಿದಳು. ಸೆರಗು ಎಳ್ಕೊಂಡು ಒಳಗೆ ಹೋದಳು.

ಕಾಶಿನಾಥ ಫೋನಿನೊಳಗೆ ಅದೇನೇನೋ ಆರಿಸಿ, ಮುಖ ನುಣ್ಣಗೆ ಮಾಡೋದನ್ನೆಲ್ಲ ನಿಲ್ಲಿಸಿದೀನಿ ಅಂದ. ಮೊಮ್ಮಗಳು ಅಜ್ಜಿ ಊಟ ಮಾಡೋವಾಗ ದೂರದಿಂದ ಇನ್ನೊಂದು ತೆಗೆದಳು. ಅದರಲ್ಲೂ ಹಚ್ಚೆ ಇದ್ದ ಕಡೆ ನೀಲಿ ಕಲೆ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಬಿಟ್ಟ ಹಾಗೆ. ಕೊನೆಗೆ ನನ್ನನ್ನೇ ಕಿಟಕಿ ಪಕ್ಕ ಕೂರಿಸಿ ಒಂದು ತೆಗೀರಿ ಅಂದೆ. ಬಂದವಳು ಇಪ್ಪತ್ತೈದರ ಯಾವುದೋ ಹುಡುಗಿ. ನನ್ನ ಸುಕ್ಕು ಎಲ್ಲಿ ಹೋಯ್ತು ಮಗಳೇ?

ಅಶ್ವತ್ಥ್ ಕೂಗಾಡಿದ್ದರೆ ನಾನೂ ಕೂಗಾಡ್ತಿದ್ದೆ, ಕೂಗೋದರಲ್ಲಿ ನನ್ನ ಮೀರಿಸೋರಿಲ್ಲ. ಅವನು ಮೆಲ್ಲಗೆ, ತುಟಿ ನನಗೆ ಕಾಣೋ ಹಾಗೆ ತಿರುಗಿಸಿ ಹೇಳಿದ: "ಕಂಪನಿ ಮಾತು ನಂಬಿ ತಂದಿದ್ದಲ್ಲ ಅಕ್ಕಯ್ಯಮ್ಮೋರೇ. ನೀವು ಹೇಳಿದ್ರಿ ಅಂತ ತಂದಿದ್ದು."

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಫೋನು ತಂದ ಮಿಕ್ಕವರೂ ನಾನು ಬಂದರೆ ಕೈಗೆ ಏನಾದರೂ ಕೆಲಸ ಹಚ್ಕೋತಾರೆ. ಎಂಥೆಂಥ ರಾಣಿ ವೇಷ ಕಟ್ಟಿದರೂ ನನಗೆ ಒಂದೆಕರೆ ನೆಲ ಇಲ್ಲ, ಮಕ್ಕಳಿಲ್ಲ. ಈ ಬೀದಿಯಲ್ಲಿ ನನ್ನ ಹತ್ತಿರ ಇದ್ದದ್ದು ಮಾತು ಒಂದೇ.

ನಿನ್ನ ಹತ್ತಿರ ಇದ್ದ ಫೋನು ಒಳ್ಳೇ ಪೀಸು, ಇವರಿಗೆ ಸಿಕ್ಕಿದ್ದು ಕೆಟ್ಟ ಪೀಸು ಇರಬೇಕು. ಅದನ್ನ ತಗೊಂಡು ಒಂದು ಸಲ ಬಾ. ಮುನಿವೆಂಕಟಮ್ಮನ ಫೋಟೋ ಅದರಲ್ಲಿ ತೆಗೆದು ತೋರಿಸು. ನನ್ನ ಮಾನ ಉಳಿಸು.

ಅಕ್ಕಯ್ಯಮ್ಮ


ಗಂಗಾನಗರ
1-4-2025

ಅಮ್ಮನವರಿಗೆ,

ಮೊನ್ನೆ ನಿಮ್ಮ ಯುಗಾದಿ, ನಿನ್ನೆ ನಮ್ಮ ಹಬ್ಬ. ಎರಡು ದಿನವೂ ನಿಮ್ಮ ಕಾಗದ ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಶುಭಾಶಯ ಬರೆದು ಆಮೇಲೆ ಇದನ್ನ ಬರೆಯೋಕೆ ಕೈ ಬರಲ್ಲ. ಇದನ್ನೇ ಮೊದಲು ಬರೀತೀನಿ.

ನಿಮ್ಮ ಫೋಟೋ ಫೋನಿನಲ್ಲಿ ತೆಗೆದದ್ದಲ್ಲ. ನನ್ನ ಕೈಯಲ್ಲಿದ್ದ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು. ಸ್ಟ್ಯಾಂಡಿನ ಮೇಲಿದ್ದ ಫೋನು ಆನ್ ಕೂಡ ಆಗಿರಲಿಲ್ಲ, ನಿಮ್ಮ ಕಣ್ಣು ಆ ಕಡೆ ಇರಬೇಕಿತ್ತು, ಅಷ್ಟೇ. ಕಿಟಕಿ ಬೆಳಕು ಅಂದೆನಲ್ಲ, ಅದೂ ಪೂರ್ತಿ ಕಿಟಕಿಯದಲ್ಲ. ಹೊರಗೆ ಬಿಳಿ ಬಟ್ಟೆ ಕಟ್ಟಿ ಅದರ ಹಿಂದೆ ಲೈಟ್ ಇಟ್ಟಿದ್ವಿ.

ಗದೆ ಯಾವುದು ಪಿನ್ನು ಯಾವುದು ಅನ್ನೋದನ್ನ ನೀವು ತಿರುಗುಮುರುಗಾಗಿ ತಿಳ್ಕೊಂಡಿದೀರಿ ಅಂತ ಮೊದಲ ಕಾಗದ ಓದಿದಾಗಲೇ ಗೊತ್ತಾಯ್ತು. ಬಾಯಿ ಬಿಡಬಾರದು ಅಂತ ಏಜೆನ್ಸಿಯವರು ಸಹಿ ಹಾಕಿಸ್ಕೊಂಡಿದ್ರು, ಅದು ನಿಜ. ಆದರೆ ಮಗಳು ತೆಗೆದದ್ದು ಅಂತ ಆ ಬೋರ್ಡು ನೋಡೋಕೆ ನಮ್ಮಮ್ಮ ಆಟೋ ಮಾಡ್ಕೊಂಡು ಮತ್ತೆ ಮತ್ತೆ ಹೋಗ್ತಿದ್ರು. ಸಹಿಗಿಂತ ಅದೇ ನನ್ನ ಬಾಯಿ ಕಟ್ಟಿತು.

ಕೆಟ್ಟ ಪೀಸು ಯಾವುದೂ ಇಲ್ಲ ಅಮ್ಮ. ಎಲ್ಲ ಪೀಸೂ ಹೀಗೇ. ಮುಖದ ಮೇಲೆ ಅದಕ್ಕೆ ಗುರುತು ಸಿಗದ್ದು ಏನಿದ್ದರೂ ಕಲೆ ಅಂದ್ಕೊಂಡು ತಾನೇ ಒರೆಸಿಬಿಡುತ್ತೆ.

ಈ ಕಾಗದವನ್ನ ಅಶ್ವತ್ಥ್ ಅವರಿಗೆ ತೋರಿಸಿ. ಯಾರಿಗೆ ಬೇಕಾದರೂ ತೋರಿಸಿ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೀನಿ.

ಅಮ್ಮನಿಗೆ ಇದನ್ನ ಇನ್ನೂ ಓದಿ ಹೇಳಿಲ್ಲ.

ರುಖ್ಸಾರ್ ಮೊಯಿನುದ್ದೀನ್


ಯಲಹಂಕ
10-4-2025

ರುಖ್ಸಾರ್ ಅವರಿಗೆ,

ನೀವು ಬರೆದ ಪತ್ರ ತಲುಪಿದೆ.

ಅಕ್ಕಯ್ಯಮ್ಮ


ಗಂಗಾನಗರ
6-5-2025

ಅಮ್ಮ,

ಬೈದಿದ್ದರೆ ಓದಿ ಮುಗೀತಿತ್ತು. ನೀವು ಅಂತ ಬರೆದಿರಲ್ಲ, ಅದು ಮುಗೀತಾನೇ ಇಲ್ಲ.

ಯಲಹಂಕದಿಂದ ಕಾಗದ ಬಂತಾ ಅಂತ ನಮ್ಮಮ್ಮ ದಿನಾ ಕೇಳೋರು. ಒಂದು ದಿನ ಎಲ್ಲಾ ಹೇಳಿಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ, ಆ ಅಮ್ಮ ಮನೆಮನೆಗೆ ಹೋಗಿ ಹೇಳ್ತಿದ್ದಾಗ ನಾನು ನಗ್ತಾ ಕೂತಿದ್ದೆನಲ್ಲ ಅಂದ್ರು.

ಮಾರನೇ ದಿನ ಏಜೆನ್ಸಿಗೆ ಹೋದೆ. ಫೋಟೋ ಕ್ಯಾಮೆರಾದ್ದು ಅಂತ ಬೋರ್ಡಿನಲ್ಲಿ ಬರೀರಿ ಅಂದೆ. ಆಗಲೇ ಬರೆದಿದೆಯಲ್ಲ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ, ನೋಡ್ಕೊಳ್ಳಿ ಅಂದ್ರು. ನನ್ನ ಕೇಳಿದವರಿಗೆ ನಾನು ದೊಡ್ಡ ಅಕ್ಷರದಲ್ಲೇ ಹೇಳ್ತೀನಿ ಅಂತ ಹೇಳಿ ಬಂದೆ. ಆಮೇಲೆ ಅವರು ಕರೆದಿಲ್ಲ. ಈಗ ನಾಮಕರಣ, ಗೃಹಪ್ರವೇಶ ಮಾಡ್ತಿದೀನಿ.

ಇದನ್ನ ಬರೆದದ್ದು ನೀವು ಕರಗಲಿ ಅಂತಲ್ಲ. ನಿಮಗೆ ಗೊತ್ತಿರಲಿ ಅಂತ.

ರುಖ್ಸಾರ್


ಯಲಹಂಕ
8-6-2025

ಮಗಳೇ ರುಖ್ಸಾರ್,

ಸಿಟ್ಟಿತ್ತಾ ಅಂದರೆ, ಇತ್ತು. ಊರ ಮುಂದೆ ನಿಂತು ಗುಡುಗುವಷ್ಟಿತ್ತು. ನಾನು ಬಾಗಿಲು ಬಾಗಿಲಿಗೆ ಹೋಗಿ ಹೊಗಳ್ತಿದ್ದಾಗ ನೀನು ಅದನ್ನ ಓದ್ತಾ ಕೂತಿದ್ದೆಯಲ್ಲ, ಅದಕ್ಕೆ. ಇನ್ನೊಂದು ಕಾರಣ ಹೇಳೋಕೆ ಈಗಲೂ ನಾಚಿಕೆ. ಬಣ್ಣ ಒರೆಸಿದ ಮುಖಕ್ಕೂ ಬೆಲೆ ಇದೆ ಅಂತ ಈ ವಯಸ್ಸಿನಲ್ಲಿ ನಂಬಿದ್ದೆ. ಅದೂ ಸುಳ್ಳಾ ಅಂತ ನಿನ್ನ ಪ್ರಿಂಟನ್ನ ಗೋಡೆ ಕಡೆ ತಿರುಗಿಸಿಟ್ಟೆ.

ಒಂದು ಮಧ್ಯಾಹ್ನ ಧೂಳು ಒರೆಸೋಕೆ ಅಂತ ಈ ಕಡೆ ತಿರುಗಿಸಿದೆ. ಕೂತು ನೋಡಿದೆ. ಆ ಸುಕ್ಕು ನನ್ನದೇ. ನೋಡಿದವಳು ನೀನೇ. ಸುಳ್ಳು ಇದ್ದದ್ದು ಕೆಳಗಿನ ಸಾಲಿನಲ್ಲಿ, ಮೇಲಿನ ಮುಖದಲ್ಲಲ್ಲ.

ಅಂದಮೇಲೆ ಸೀರೆ ಬದಲಾಯಿಸಿ ಹೊರಟೆ. ನಿನ್ನ ಕಾಗದ ಯಾರಿಗೂ ತೋರಿಸಲಿಲ್ಲ. ಬಾಯಲ್ಲಿ ಕೊಟ್ಟದ್ದನ್ನ ಬಾಯಲ್ಲೇ ವಾಪಸ್ ತಗೋಬೇಕು. ಫೋನು ತಂದ ಒಂದೊಂದು ಮನೆ ಮುಂದೂ ನಿಂತು ಹೇಳಿದೆ, ನಾನು ಹೇಳಿದ್ದು ತಪ್ಪು, ನನ್ನ ಫೋಟೋ ಆ ಫೋನಿನದ್ದಲ್ಲ. ಮೆಲ್ಲಗೆ ಹೇಳೋಕೆ ನನಗೆ ಬರಲ್ಲ, ಪಕ್ಕದ ಬೀದಿಗೂ ಕೇಳಿಸ್ತಂತೆ. ಒಬ್ಬಳು ಒಳಗೆ ಕರೆದು ಕಾಫಿ ಕೊಟ್ಟಳು. ಒಬ್ಬ ಬಾಗಿಲು ಹಾಕ್ಕೊಂಡ. ಕಾಶಿನಾಥ ಮಾತ್ರ ಅಂಗಡಿ ಒಳಗಿಂದಲೇ, ಮೆಲ್ಲಗೆ ಅಮ್ಮ ಮೆಲ್ಲಗೆ, ಇನ್ನೂ ಸ್ಟಾಕ್ ಇದೆ ಅಂತ ಕೈ ಮುಗಿದ.

ಕೊನೆಗೆ ಅಶ್ವತ್ಥನ ಗೇಟು. ಅವನು ಕೇಳಿಸ್ಕೊಂಡ. ಸಣ್ಣ ಅಕ್ಷರದಲ್ಲಿ ಬರೆದಿದಾರಂತೆ ಅಂದಿದ್ದಕ್ಕೆ, ನೋಡೇಬಿಡೋಣ ಹತ್ತಿ ಅಂತ ಸ್ಕೂಟರ್ ತೆಗೆದ.

ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ, ನನ್ನ ಮುಖದ ಕೆಳಗೆ, ನಾವಿಬ್ಬರೂ ಕತ್ತೆತ್ತಿ ನಿಂತೆವು. ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಏನೋ ಹರಿದಿತ್ತು. ನನ್ನ ಕಣ್ಣಿಗೆ ಹತ್ತಲಿಲ್ಲ, ಅವನ ಕಣ್ಣಿಗೂ ಹತ್ತಲಿಲ್ಲ. ಆಗ ಅಶ್ವತ್ಥ್ ಅದೇ ಫೋನು ಎತ್ತಿ, ಚಂದ್ರನ ಮೇಲಿನ ಕಲ್ಲೂ ಎಣಿಸಬಹುದು ಅಂತ ಡಬ್ಬದ ಮೇಲೆ ಬರೆದಿದಾರೆ ಇರಿ ಅಂತ, ಹತ್ತಿರಕ್ಕೆ ಎಳೆದು ಎಳೆದು ಒತ್ತಿದ. ಬಂದದ್ದೇನು ಗೊತ್ತಾ? ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಯಾವುದೋ ಲಿಪಿ. ಅಕ್ಷರ ಕಾಣದೆ ಹೋದಾಗ ಫೋನು ತಾನೇ ಅಕ್ಷರ ಹುಟ್ಟಿಸಿಬಿಟ್ಟಿತ್ತು. ತನ್ನ ಕಂಪನಿ ಬರೆದ ಸಾಲನ್ನ ತಾನೇ ಓದಲಾರದ ಫೋನು ಅದು. ಅಶ್ವತ್ಥ್ ನಗೋಕೆ ಶುರು ಮಾಡಿದ. ಬಸ್ ಸ್ಟಾಪಿನವರೆಲ್ಲ ತಿರುಗಿ ನೋಡೋ ಹಾಗೆ ಇಬ್ಬರೂ ನಕ್ಕೆವು.

ವಾಪಸ್ ಬರ್ತಾ ಅಂದ, ಅವರ ಮನೆ ಟಿವಿ ಅದೇ ಕಂಪನಿಯದಂತೆ, ವರ್ಷಗಟ್ಟಲೆಯಿಂದ ಒಂದು ರಿಪೇರಿ ಇಲ್ಲ. ಈಗ ಅದರಲ್ಲಿ ಮಳೆ ಬಂತು ಅಂತ ತೋರಿಸಿದರೂ ಕಿಟಕಿ ತೆಗೆದು ನೋಡಬೇಕು ಅನ್ಸುತ್ತಂತೆ.

ನಾವು ನಾಟಕದವರೂ ಆಡಿದ್ದು ಸುಳ್ಳೇ ತಾನೆ ಅಂತ ಯೋಚನೆ ಮಾಡಿದೀನಿ ಮಗಳೇ. ಆದರೆ ನಾವು ಮೊದಲು ಪರದೆ ಕಟ್ತೀವಿ, ಗಂಟೆ ಹೊಡೀತೀವಿ, ಇವತ್ತು ನಾಟಕ ಅಂತ ಊರಿಗೆಲ್ಲ ಸಾರಿ ಆಮೇಲೆ ಬಣ್ಣ ಹಚ್ಕೋತೀವಿ. ಬಂದು ಕೂತವನು ಒಪ್ಪಿಯೇ ಅಳ್ತಾನೆ. ರಸ್ತೆಯಲ್ಲಿ ಹೋಗೋನನ್ನ ಕೇಳದೆ ಅಳಿಸಬಾರದು.

ಮುನಿವೆಂಕಟಮ್ಮ ಮಾತ್ರ ಸೆರಗು ಇಳಿಸಿಲ್ಲ. ಈಗ ಮನೆಯವರ ಮುಂದೂ ಹಾಗೇ, ಊಟಕ್ಕೆ ಕೂತಾಗಲೂ. ನೀನು ಆ ದೊಡ್ಡ ಕ್ಯಾಮೆರಾ ತಗೊಂಡು ಬಾ. ಒಪ್ಪಿಸೋದು ನಿನ್ನ ಪಾಲು. ಈ ಸಲ ಯಾರ ಪರವಾಗೂ ನಾನು ಒಂದು ಮಾತೂ ಆಡಲ್ಲ.

ಇಂತಿ ನಿನ್ನ
ಅಕ್ಕಯ್ಯಮ್ಮ


ಗಂಗಾನಗರ
30-6-2025

ಅಮ್ಮ,

ನಾನು ಯಲಹಂಕಕ್ಕೆ ಬಂದ ದಿನ ಮುನಿವೆಂಕಟಮ್ಮಜ್ಜಿ ನಿಮ್ಮನ್ನ, ಅಶ್ವತ್ಥ್ ಅವರನ್ನ ಆಚೆ ಕಳಿಸಿ ಬಾಗಿಲು ಹಾಕಿಸಿದರಲ್ಲ, ಒಳಗೆ ಏನಾಯ್ತು ಅಂತ ನೀವು ಕೇಳಲಿಲ್ಲ. ನಿಮ್ಮ ಮುಖ ನೋಡಿದರೆ ಕೇಳದೆ ಇರೋಕೆ ಎಷ್ಟು ಕಷ್ಟಪಡ್ತಿದೀರಿ ಅಂತ ಗೊತ್ತಾಗ್ತಿತ್ತು. ಹೊರಡೋವಾಗ ಅಜ್ಜಿಯೇ ಹೇಳಿದ್ರು, ಅಕ್ಕಯ್ಯನಿಗೆ ಒಬ್ಬಳಿಗೆ ಬರಿ ಅಂತ.

ನಾನು ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೇ ಇಲ್ಲ. ಸುಮ್ಮನೆ ಕೆಳಗೆ ಕೂತೆ. ಅಜ್ಜಿ ಮಂಚದ ಮೇಲೆ, ಸೆರಗು ಮೂಗಿನವರೆಗೆ. ಬಹಳ ಹೊತ್ತಾದ ಮೇಲೆ, ನೀನು ಒರಸ್ಕೊ ಅನ್ನಲ್ವಾ ಅಂತ ಕೇಳಿದ್ರು. ಇಲ್ಲ ಅಂದೆ.

ಆಮೇಲೆ ದಿಂಬಿನ ಕೆಳಗಿಂದ ಏನೋ ತೆಗೆದರು. ಆ ಫೋಟೋ, ಹಚ್ಚೆ ಇಲ್ಲದ್ದು. ಅದನ್ನ ಅಜ್ಜಿ ಹರಿದು ಹಾಕಿದಾರೆ ಅಂತ ಅಶ್ವತ್ಥ್ ಅವರು ಅಂದ್ಕೊಂಡಿದಾರೆ, ಆದರೆ ಅಜ್ಜಿ ಕಟ್ಟಿನಿಂದ ಬಿಡಿಸಿ ಇಟ್ಕೊಂಡಿದ್ರು. ಅದರ ಹಣೆ ಮೇಲೆ ಬೆರಳಿಟ್ಟು ಕೇಳಿದ್ರು, "ನಮ್ಮವ್ವ ನಂಗೆ ಅಚ್ಚೆ ಆಕುಸ್ದಾಗ ನಾನು ಕೂಸು. ಆಗ ನಮ್ಮನೇಲಿ ಕನ್ನಡಿ ಇರ್ನಿಲ್ಲ. ಅಚ್ಚೆ ಇಲ್ದಿದ್ ನನ್ ಮೊಕ ನಾನು ಕಂಡೇ ಇಲ್ಲ. ಇದೇನಾ ಅದು?"

ಅಮ್ಮ, ಹೌದು ಅಂದಿದ್ದರೆ ಯಾರಿಗೂ ಏನೂ ನಷ್ಟ ಇರಲಿಲ್ಲ. ಅವರ ಕಣ್ಣು ಹೌದು ಅನ್ನು ಅಂತಾನೇ ಇತ್ತು. ಆ ಕ್ಷಣ ನಿಮ್ಮ ಮೊದಲನೇ ಕಾಗದ ನೆನಪಾಯ್ತು, ಅದಕ್ಕೆ ಕಿಟಕಿ ಬೆಳಕು ಚೆನ್ನಾಗಿತ್ತು ಅಂತ ನಾನು ಬರೆದ ಉತ್ತರ ನೆನಪಾಯ್ತು.

ಇಲ್ಲ ಅಜ್ಜಿ ಅಂದೆ. ಫೋನಿಗೆ ನೀವು ಕೂಸಾಗಿದ್ದಾಗ ಹೇಗಿದ್ರಿ ಅಂತ ಗೊತ್ತಿಲ್ಲ. ಅಕ್ಕಪಕ್ಕದ ಚರ್ಮ ನೋಡಿ ಊಹೆ ಮಾಡಿ ತುಂಬಿದೆ. ಅದು ಯಾರ ಮುಖವೂ ಅಲ್ಲ.

ಅಜ್ಜಿ ಆ ಫೋಟೋ ಇನ್ನೊಂದು ಸಲ ನೋಡಿದ್ರು. ಮಡಿಚಿ ಮತ್ತೆ ದಿಂಬಿನ ಕೆಳಗೇ ಇಟ್ರು. "ಸುಳ್ಳಾದ್ರೂ ಮುದ್ದಾಗವ್ಳೆ, ಇರ್ಲಿ ಬುಡು," ಅಂದ್ರು. ಆಮೇಲೆ ಎದ್ದು, ಕಿಟಕಿ ಬಾಗಿಲು ತಾವೇ ತೆಗೆದು, ಬೆಳಕಿಗೆ ಬಂದು ಕೂತು, ಸೆರಗು ಬಿಟ್ರು. ತಗಿ ನಂದು ಅಂದ್ರು.

ಈ ಸಲ ಆಚೆ ಲೈಟ್ ಏನೂ ಇರಲಿಲ್ಲ.

ಪ್ರಿಂಟ್ ಕೊರಿಯರ್ ಮಾಡಿದೀನಿ. ಹಣೆಯ ಹಚ್ಚೆ ಒಂದು ಕಡೆ ಸ್ವಲ್ಪ ಮಾಸಿದೆ, ನಾನು ಅದನ್ನ ತಿದ್ದಿಲ್ಲ.

ನಿಮ್ಮ
ರುಖ್ಸಾರ್


ಯಲಹಂಕ
3-8-2025

ಮಗಳು ರುಖ್ಸಾರಳಿಗೆ ಆಶೀರ್ವಾದಗಳು.

ಫೋಟೋ ಗೋಡೆಗೇರಿದೆ. ಮನೆಗೆ ಬಂದವರು ಫೋಟೋ ನೋಡ್ತಾರೆ, ಅದರ ಕೆಳಗೆ ಸೊಪ್ಪು ಬಿಡಿಸ್ತಾ ಕೂತ ಮುನಿವೆಂಕಟಮ್ಮನ್ನ ನೋಡ್ತಾರೆ. ಸೆರಗು ಹೆಗಲ ಮೇಲಿದೆ. ನೋಡಿದ್ದಾಯ್ತಾ, ಒಳಕ್ಕೆ ಓಗಿ ಅಂತ ಗದರಿಸ್ತಾಳೆ. ದಿಂಬಿನ ಕೆಳಗಿನ ಸಂಗತಿ ನನ್ನ ಬಾಯಿಂದ ಆಚೆ ಬರಲ್ಲ. ನನ್ನ ಪಾಲಿಗೆ ಇದು ಸಣ್ಣ ಸಾಹಸವಲ್ಲ ಅಂತ ನಿನಗೆ ಗೊತ್ತು.

ಹೆಬ್ಬಾಳದಲ್ಲಿ ನನ್ನನ್ನ ಇಳಿಸಿ ಯಾವುದೋ ಮಗುವಿನ ನಗು ಏರಿಸಿದಾರೆ. ಹೊಸ ಫೋನು, ಹೊಸ ಮಾತು. ಮೊನ್ನೆ ಬಸ್ಸಿನಲ್ಲಿ ನಮ್ಮ ಬೀದಿಯವರು ನಾಲ್ಕು ಜನ ಇದ್ದೆವು. ಒಬ್ಬರೂ ಕತ್ತೆತ್ತಲಿಲ್ಲ. ಕಾಶಿನಾಥ ಆ ಕಂಪನಿಯ ಚಾರ್ಜರ್ ಕೊಡೋಕೆ ಹೋದರೂ ಜನ, ಬೇರೆ ಕಂಪನಿಯದಿದ್ದರೆ ಕೊಡಿ ಅಂತಾರಂತೆ. ಮಗು ಪಾಪ ನಿಜವಾಗಿಯೂ ನಕ್ಕಿರಬಹುದು, ಯಾರಿಗೆ ಗೊತ್ತು.

ಈಗ ನಿನಗೆ ಹೇಳಬೇಕಾದದ್ದು. ನೆನ್ನೆ ಅಶ್ವತ್ಥ್ ನಮ್ಮನೆಗೆ ಬಂದ. ಗೇಟಿನ ಹತ್ತಿರ ನಿಲ್ಲಲಿಲ್ಲ, ಒಳಗೆ ಬಂದು ಕೂತು ಮಜ್ಜಿಗೆ ಕೇಳಿ ಕುಡಿದ. ಮಗಳು ಚೈತ್ರಳ ಮದುವೆ ಕಾರ್ತಿಕದಲ್ಲಿ ಗೊತ್ತಾಗಿದೆ. ಫೋಟೋಗೆ ಆ ಹುಡುಗೀನ ಕರೆಯೋಣ ಅಂತಿದೀವಿ, ಎರಡೂ ಕಡೆ ನೆಂಟರು ದೊಡ್ಡ ಸಂಖ್ಯೆ, ಅವಳಿಗೆ ಆಗುತ್ತಾ, ನೀವೇನಂತೀರಿ ಅಂತ ಕೇಳಿದ. ನೀವು ಹೂಂ ಅಂದರೆ ಸಾಕು, ಮುಂಗಡ ಕೊಟ್ಟು ಬರ್ತೀನಿ ಅಂದ.

ಮಗಳೇ, ಹೋದದ್ದು ತಿರುಗಿ ಬಂದು ಎದುರಿಗೆ ಕೂತು ಮಜ್ಜಿಗೆ ಕುಡೀತಿತ್ತು. ಹೂಂ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನಿನ್ನ ಬಗ್ಗೆ ಹೊಗಳೋಕೆ ಶುರು ಮಾಡಿದ್ದರೆ ಸಂಜೆವರೆಗೂ ನಿಲ್ಲಿಸ್ತಿರಲಿಲ್ಲ.

ನಾನು ಅನ್ನಲಿಲ್ಲ. ನನ್ನ ಮಾತು ಕೇಳಬೇಡ ಕಣಪ್ಪ, ಗಂಗಾನಗರಕ್ಕೆ ಹೋಗು, ಅವಳ ಕೆಲಸ ನಿನ್ನ ಕಣ್ಣಾರೆ ನೋಡು, ಆಮೇಲೆ ನೀನೇ ತೀರ್ಮಾನ ಮಾಡು ಅಂದೆ. ಸರಿ ಅಂತ ಎದ್ದ.

ಬರೋ ಶುಕ್ರವಾರ ಬರ್ತಾನೆ, ನಿಮ್ಮ ನಮಾಜು ಮುಗಿದ ಮೇಲೆ ಹೋಗು ಅಂತ ಹೇಳಿದೀನಿ. ನಿಮ್ಮಮ್ಮನಿಗೆ ಹೇಳು, ಚಹಾಗೆ ಸಕ್ಕರೆ ಮುಂದಾಗಿರಲಿ, ಅವನಿಗೆ ಹಾಗೇ ಆಗಬೇಕು. ಆಲ್ಬಮ್ಮುಗಳನ್ನ ಸಾಲಾಗಿ ಜೋಡಿಸಿಡಬೇಡ. ಕೈ ಅಲುಗಾಡಿ ಮಸುಕಾದದ್ದು, ಕಣ್ಣು ಮುಚ್ಚಿದ್ದು, ಬೆಳಕು ಸಾಲದೆ ಕೆಟ್ಟದ್ದು ಎಲ್ಲ ಇರ್ತಾವಲ್ಲ, ಮೊದಲು ಅವನ್ನ ಅವನ ಮುಂದೆ ಇಡು. ಚೆನ್ನಾಗಿ ಬಂದದ್ದನ್ನ ಅವನು ಕೇಳಿದ ಮೇಲೆ ತೋರಿಸು.

ಇಂತಿ ನಿನ್ನ
ಅಕ್ಕಯ್ಯಮ್ಮ